ಶೈಲಾಳ ಹಾಡಿಗೆ ನಾನು ಬರೆದ ಅರ್ಥ

ಮೊನ್ನೆ ಮಗಳು ಕಂಪ್ಯೂಟರ್ ಮುಂದೆ ಕೂತು ಒಬ್ಬಳೇ ನಗುತ್ತಿದ್ದಳು. ಬಟಾಣಿ ಸುಲಿಯುತ್ತಿದ್ದ ನಾನು ಬುಟ್ಟಿ ಹಿಡಿದುಕೊಂಡೇ ಹೋಗಿ ಇಣುಕಿದೆ. ಯಾವುದೋ ಇಂಗ್ಲಿಷ್ ರಾಕ್ ಹಾಡು. ಹಾಡುವವನ ಬಾಯಲ್ಲಿ ಮಾತೆಲ್ಲ ಗಂಜಿಯಾಗಿತ್ತು. ಅದರ ಒಂದೇ ಸಾಲಿಗೆ ಊರೂರಿನ ಜನ ತಮಗೆ ತೋಚಿದ ಅರ್ಥ ಬರೆದಿದ್ದರು. ಒಬ್ಬನಿಗೆ ಅದು ಸತ್ತ ನಾಯಿಯ ನೆನಪು, ಇನ್ನೊಬ್ಬಳಿಗೆ ಮನೆ ಬಿಟ್ಟುಹೋದ ಅಪ್ಪ.

"ಯಾವುದು ಖರೇ?" ಎಂದೆ.

"ಎಲ್ಲಾನೂ ಖರೇನ ಮಮ್ಮಿ. ಅದರಾಗ ಮಜಾ ಅದ."

ಮಜಾ ಅಂತೆ. ನನ್ನ ಮೈ ಉರಿಯಿತು. ಮಗಳ ಮೇಲಲ್ಲ, ನೋಡಿ. ಇಂಥದೇ ಒಂದು ಹಾಡಿಗೆ ನಮ್ಮ ಮನೆಯಲ್ಲಿ ಒಂದೇ ಅರ್ಥ ಸಾಕಾಗಿತ್ತು, ಅದನ್ನು ಬರೆದವಳು ನಾನು.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಮರಾಠಿ ಸೀಮೆಯ ಖಡಕಿಯಲ್ಲಿದ್ದೆವು. ನಾದಿನಿ ಶೈಲಾ ಬಿ.ಕಾಂ. ಓದುತ್ತಿದ್ದಳು. ಮೂವರು ಮರಾಠಿ ಹುಡುಗರ ಜೊತೆ ಸೇರಿ ಒಂದು ಬ್ಯಾಂಡ್ ಕಟ್ಟಿದ್ದಳು. ಹಾಡು ಅವಳೇ ಬರೆಯುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ. ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಹಾಡುವುದಿತ್ತು. ಅದಕ್ಕೆ ಹತ್ತು ದಿನ ಇರುವಾಗ ಅವಳ ಅಭ್ಯಾಸದ ಕ್ಯಾಸೆಟ್ಟು ಅತ್ತೆಯ ಕೈಗೆ ಸಿಕ್ಕಿತು. ಅತ್ತೆ ಅದನ್ನು ಮಾವನವರಿಗೆ ಕೊಟ್ಟರು. ಮಾವನವರು ಸಂಜೆ ಚಹಾ ಮುಗಿಸಿ ನನ್ನನ್ನು ಕರೆದರು.

"ನೋಡವಾ, ನೀ ಕಾನ್ವೆಂಟ್‌ನಾಗ ಕಲತಾಕಿ. ಈಕಿ ಏನ್ ಹಾಡ್ಯಾಳ, ಅರ್ಥ ಹೇಳು."

ಸುಳ್ಳು ಯಾಕೆ ಹೇಳಲಿ, ಹಿಗ್ಗಿದೆ. ಮದುವೆಯಾಗಿ ಐದು ವರ್ಷ ನನ್ನ ಇಂಗ್ಲಿಷು ಔಷಧದ ಚೀಟಿ ಓದಲಿಕ್ಕಷ್ಟೇ ಬಳಕೆಯಾಗಿತ್ತು. ಸೆರಗು ಸಿಕ್ಕಿಸಿ, ಗೆರೆ ಹಾಕಿದ ನೋಟ್‌ಬುಕ್ ಹಿಡಿದು ಟೇಪ್‌ರೆಕಾರ್ಡರ್ ಮುಂದೆ ಕೂತೆ. ಶಾಲೆಯಲ್ಲಿ ಪದ್ಯದ ಸಾರಾಂಶ ಬರೆಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಒಂದು ಸಾಲಿನ ಅರ್ಥ ಬಿಟ್ಟರೂ ಕೆಂಪು ಶಾಯಿಯಲ್ಲಿ ಅರ್ಧ ಅಂಕ ಕಳೆಯುತ್ತಿದ್ದರು. ಆ ಅರ್ಧ ಅಂಕದ ಭಯ ನನಗೆ ಇನ್ನೂ ಇತ್ತು.

ಮೊದಲ ಸಾಲು ಸ್ಪಷ್ಟವಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತೇನೆ, ಅಂತ. ಅದಾದಮೇಲೆ ಬರೀ ಡ್ರಮ್ಮಿನ ಬಡಿತ, ಅದರ ಒಳಗೆಲ್ಲೋ ಶೈಲಾಳ ದನಿ. ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ. ತಿಳಿಯಲಿಲ್ಲ. ಹಾಗೆಂದು ಜಾಗ ಖಾಲಿ ಬಿಡುವುದೇ? ಚಪ್ಪಲಿ ಕೈಯಲ್ಲಿದೆ ಎಂದಮೇಲೆ ಸಪ್ಪಳವಾಗದಂತೆ ಹೋಗುತ್ತಿದ್ದಾಳೆ, ಹಾಗೆ ಹೋಗುತ್ತಿದ್ದಾಳೆ ಎಂದಮೇಲೆ ಕೆಳಗೆ ಯಾರೋ ಕಾಯುತ್ತಿರಬೇಕು. ದುಂಡಗಿನ ಅಕ್ಷರದಲ್ಲಿ ಬರೆದೆ: ಬೀದಿಯ ತಿರುವಿನಲ್ಲಿ ನೀನು ನಿಂತಿದ್ದೀಯ.

ಗಟ್ಟಿಯಾಗಿ ಓದಿದೆ ಕೂಡ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಾ ಅತ್ತಿಗೆಯಾದ ನನ್ನನ್ನೇ ನೋಡಿದಳು. "ವೈನಿ, ಅಲ್ಲಿ ಮಾತೇ ಇಲ್ರಿ. ನಾ ಬರೇ ಗುನುಗೀನಿ."

"ಮತ್ತ ವೈನಿ ಬರದದ್ದು?" ಎಂದರು ಮಾವ.

"ಅದು ಅವರ ಬರದದ್ದು. ನಂದಲ್ಲ."

ಮಾವನವರು ಹಾಡನ್ನು ನಂಬಲಿಲ್ಲ, ಮಗಳನ್ನು ನಂಬಲಿಲ್ಲ, ಕಾಗದವನ್ನು ನಂಬಿದರು. ಬ್ಯಾಂಡ್ ಬಂದ್. ನನ್ನವರು "ನೀ ಇದ್ದಿ ಅಂತ ತಿಳೀತು" ಎಂದು ನನ್ನನ್ನೇ ಹೊಗಳಿದರು. ಸ್ನಾನದ ಮನೆಯಲ್ಲಿ ದಿನಾ ಸಿನಿಮಾ ಹಾಡು ಕೂಗುವ ಮನುಷ್ಯ. ತುಟಿ, ಸೊಂಟ, ಹಾಸಿಗೆ ಎಲ್ಲ ಬರುವ ಹಿಂದಿ ಹಾಡು, ಅರ್ಥ ಅಂಗೈಯಷ್ಟು ಸ್ಪಷ್ಟ. ಅದನ್ನು ಅತ್ತೆ ತಾಳ ಹಾಕುತ್ತ ಕೇಳುತ್ತಿದ್ದರು. ಅದರ ಅರ್ಥ ಹೇಳು ಎಂದು ಯಾರೂ ನನ್ನ ಕೈಗೆ ನೋಟ್‌ಬುಕ್ ಕೊಡಲಿಲ್ಲ. ಗಂಡಸು ಹಾಡಿದರೆ ಹಾಡು, ಹುಡುಗಿ ಗುನುಗಿದರೆ ಅದಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ನಾನು ತಪ್ಪಿಲ್ಲದ ವ್ಯಾಕರಣದಲ್ಲಿ ಒದಗಿಸಿದೆ. "ನನಗ ಕೇಳಿಸಲಿಲ್ಲ, ಇದು ನಾ ಊಹಿಸಿದ್ದು" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹೊಗಳಿಕೆಯ ರುಚಿಗೆ ಬಾಯಿ ಮುಚ್ಚಿಕೊಂಡೆ.

ಶೈಲಾ ಅತ್ತು ರಂಪ ಮಾಡಲಿಲ್ಲ. ಹಾಡುವುದನ್ನು ಬಿಟ್ಟಳು, ಅಷ್ಟೇ. ಈಗ ಬಾರಾಮತಿಯಲ್ಲಿದ್ದಾಳೆ. ಗಂಡ ಹಾಲಿನ ಡೇರಿಯಲ್ಲಿದ್ದಾನೆ.

ಬಟಾಣಿಯ ಬುಟ್ಟಿ ಅಲ್ಲೇ ಇಟ್ಟು ಅವಳಿಗೆ ಫೋನ್ ಮಾಡಿದೆ.

"ಶೈಲಾ, ನಾ ಒಂದು ತಪ್ಪು ಮಾಡೀನಿ."

"ಯಾವುದು ವೈನಿ? ಭಾಳ ಅವ."

"ಆ ಹಾಡು. ನನಗ ಕೇಳಿಸಿರಲೇ ಇಲ್ಲ. ಬರದುಬಿಟ್ಟೆ."

ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು. "ಗೊತ್ತದ," ಎಂದಳು. "ಇಷ್ಟು ವರ್ಷ ಬೇಕಾತೇನ್ರಿ, ಹೇಳ್ಲಿಕ್ಕೆ?"

"ಒಮ್ಮೆ ಹಾಡ್ತೀಯೇನು?" ಎಂದೆ.

"ಈಗ ಯಾಕ್ರಿ," ಎಂದಳು. ಆಮೇಲೆ, "ತಡೀರಿ, ಗ್ಯಾಸ್ ಬಂದ್ ಮಾಡಿ ಬರ್ತೀನಿ."

ಹಾಡಿದಳು. ದನಿ ಒಣಗಿತ್ತು. ಏರುಸ್ವರದಲ್ಲಿ ಉಸಿರು ಸಾಲದೆ ಕೆಮ್ಮಿ, ಮತ್ತೆ ಹಿಡಿದಳು. ಚಪ್ಪಲಿಯ ಸಾಲು ಮುಗಿಯಿತು. ಆಮೇಲೆ ಡ್ರಮ್ಮಿಲ್ಲದ ಆ ಜಾಗದಲ್ಲಿ, ಅವಳು ಅಂದು ಹೇಳಿದಂತೆಯೇ, ಒಂದು ಮಾತೂ ಇರಲಿಲ್ಲ.

ಪೇಪರ್ ಕೆಳಗಿಳಿಸಿ ನನ್ನವರು ಕೇಳಿದರು, "ಯಾರು, ಶೈಲಾ ಏನು? ಏನಂತ ಹಾಡ್ಲಿಕತ್ತಾಳ?"

ರಿಸೀವರನ್ನು ಅವರ ಕಿವಿಗೆ ಒತ್ತಿದೆ.

"ನೀವ ಕೇಳ್ರಿ," ಎಂದೆ. "ನಾ ಹೇಳಂಗಿಲ್ಲ."