ಪಿಯರ್ ಮೇಲೆ ಚಳಿಯ ಮಾತು

ಡನ್ ಲಿಯರಿ ಎಂಬ ಐರಿಶ್ ಊರಿನಲ್ಲಿ, ಕಡಲೊಳಗೆ ಚಾಚಿದ ಕಲ್ಲುಕಟ್ಟೆಯಾದ ಪಿಯರ್ ಮೇಲೆ, ಗಾಳಿಗೆ ಬೆನ್ನು ಕೊಟ್ಟು ಕೂತಿದ್ದೆವು, ನಾನು ಮತ್ತು ಇಲ್ಲಿ ಡಾಕ್ಟರಾಗಿರುವ ಗೆಳತಿ ಸುಮನಾ. "ಇಲ್ಲಿ ಯಾರನ್ನ ಮಾತಾಡಿಸ್ಬೇಕಂದ್ರೂ ಹವಾಮಾನದಿಂದ ಶುರು ಮಾಡು. ಯಾರಿಗೂ ಬೇಜಾರಾಗಲ್ಲ, ಚೆನ್ನಾಗಿದೆ ಅನ್ನೋಕೆ ಇವರು ಹೇಳೋ ಹಾಗೆ, ಎಲ್ಲಾ 'ಗ್ರ್ಯಾಂಡ್'," ಎಂದು ಬೆಳಿಗ್ಗೆಯೇ ಪಾಠ ಹೇಳಿದ್ದಳು. ಬೆಂಚಿನ ಆ ತುದಿಗೆ ಬಂದು ಕೂತ ವಯಸ್ಸಾದ ಅಮೆರಿಕನ್ ದಂಪತಿಯ ಮೇಲೆ ಅದನ್ನೇ ಪ್ರಯೋಗಿಸಿದೆ. "ನಿಮ್ಮ ಕಡೆ ಚಳಿ ಹೇಗೆ? ನಮ್ಮಲ್ಲಂತೂ ಮೊದಲಿನ ಹಾಗಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಮನೇಲಿ ನಾವು ಈ ಮಾತೇ ಎತ್ತೋದಿಲ್ಲ," ಎಂದರು ಆಕೆ. "ನಮ್ಮಿಬ್ಬರ ಓಟು ಬೇರೆ ಬೇರೆ ಪಾರ್ಟಿಗೆ. ಭೂಮಿ ಬಿಸಿಯಾಗಿ ಹವಾಮಾನ ಕೆಟ್ಟಿದೆ ಅಂದ್ರೆ ನನ್ನ ಪಾರ್ಟಿ, ಏನೂ ಆಗಿಲ್ಲ ಅಂದ್ರೆ ಇವರದು. ಊಟಕ್ಕೆ ಕೂತಾಗ ಜಗಳ ಬೇಡ ಅಂತ ಸುಮ್ಮನಿರ್ತೀವಿ."

ಸೆಕೆ ಎನ್ನುವುದಕ್ಕೂ ಪಕ್ಷ ಇರುತ್ತದೆಂದು ನನಗೆ ತಿಳಿದಿರಲಿಲ್ಲ. ಕ್ಷಮೆ ಕೇಳಬೇಕೆನ್ನುವಷ್ಟರಲ್ಲಿ ಗಂಡ ಕಡಲನ್ನೇ ನೋಡುತ್ತ ಹೇಳಿದರು: "ಚಿಕ್ಕಂದಿನಲ್ಲಿ ಊರಿನ ಕೆರೆ ಚಳಿಗಾಲ ಪೂರ್ತಿ ಮಂಜುಗಟ್ಟಿರ್ತಿತ್ತು. ಅದರ ಮೇಲೇ ನಡ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ಈಗ ಮಂಜು ಎಷ್ಟು ತೆಳು ಅಂದ್ರೆ, ಅದರ ಮೇಲೆ ನಾಯಿಯನ್ನೂ ಬಿಡೋಕೆ ಭಯ."

"ಇದನ್ನ ನೀವು ನನಗೆ ಯಾವತ್ತೂ ಹೇಳಿಲ್ಲ."

"ನೀನು ಕೇಳ್ತಿದ್ದದ್ದು ನನ್ನ ಅಭಿಪ್ರಾಯ. ಇವರು ಚಳಿ ಹೇಗಿದೆ ಅಂತ ಕೇಳಿದ್ರು."

ಸುಮನಾ ಫ್ಲಾಸ್ಕ್ ತೆಗೆದು ಅವರಿಬ್ಬರಿಗೂ ಚಹಾ ಬಗ್ಗಿಸಿದಳು. ಬೆಳಗಿನ ಪಾಠಕ್ಕಾಗಿ ನಾನು ಅವಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆಕೆ ಗಂಡನ ಹತ್ತಿರಕ್ಕೆ ಸರಿದು ಕೂತು, "ಆ ಕೆರೆ ಎಷ್ಟು ಅಗಲ ಇತ್ತು, ಹೇಳಿ," ಎಂದರು.