ಹಲ್ಲಿನ ಡಾಕ್ಟ್ರು ನಮ್ಮ ಬೀದಿಯ ಡ್ರಮ್ಮು ನೋಡಿದ್ದು

ನಮ್ಮ ಯಜಮಾನರು ಹೋಗುವ ಹಿಂದಿನ ದಿನ ಬೆಳಿಗ್ಗೆ ಭಾಗ್ಯಜ್ಯೋತಿ ನಮ್ಮ ಬಚ್ಚಲಿನ ಡ್ರಮ್ಮಿನೊಳಗೆ ತಲೆ ಹಾಕಿ ನಿಂತಿದ್ದಳು. ಕೈಯಲ್ಲಿ ಟಾರ್ಚು.

"ಏನಮ್ಮಾ ಡಾಕ್ಟ್ರೇ, ಒಳಗೆ ಯಾರದಾದ್ರೂ ಹಲ್ಲು ಬಿದ್ದಿದ್ಯಾ?" ಎಂದು ಇವರು ಕೇಳಿದರು.

"ನಗಬ್ಯಾಡ್ರಿ ಅಂಕಲ್. ಸೊಳ್ಳಿ ಹುಳ ಅದಾವ್ರಿ ಇದರಾಗ."

"ಇರ್ಲಿ ಬಿಡು. ನಾನು ಬಿಡ್ತಿದ್ದ ನೀರು. ಅವೂ ಒಂದಿಷ್ಟು ಕುಡ್ಕೊಂಡಿರ್ಲಿ."

ನನಗೂ ನಗು ಬಂತು. ಅವಳು ಮಾತ್ರ ಮುಖ ಗಂಟು ಹಾಕಿಕೊಂಡು ಡ್ರಮ್ಮನ್ನು ಬೋರಲು ಹಾಕಿಬಿಟ್ಟಳು. ಅರ್ಧ ಡ್ರಮ್ಮು ಕಾವೇರಿ ನೀರು ಮೋರಿಗೆ ಹೋಯಿತು.

ಈ ಹುಡುಗಿ ಯಾದಗಿರಿ ಕಡೆಯವಳು. ಪುಟ್ಟೇನಹಳ್ಳಿಯ ನಮ್ಮ ಮನೆಯ ಮೇಲಿನ ರೂಮಿಗೆ ಬಾಡಿಗೆಗೆ ಬಂದಳು. ಓದಿದ್ದು ಹಲ್ಲಿನ ಡಾಕ್ಟರಿಕೆ. ನೋಡುವುದು ಸೊಳ್ಳೆ. ಡೆಂಗಿ ತಡೆಯುವ ಕೆಲಸ ಕಲಿಯಲು ಹೊರದೇಶದವರು ಒಂದು ಫೆಲೋಶಿಪ್ ಕೊಟ್ಟಿದ್ದರು. ಇಲ್ಲಿ ಇವಳು ನಮ್ಮ ಬೀದಿಯ ಡ್ರಮ್ಮು ಬಗ್ಗಿ ನೋಡಬೇಕು. ಕೀನ್ಯಾದಲ್ಲಿ ಇನ್ನೊಬ್ಬ ಹುಡುಗಿ ಅವರ ಬೀದಿಯ ಡ್ರಮ್ಮು ಬಗ್ಗಿ ನೋಡಬೇಕು. ಆಮೇಲೆ ಇಬ್ಬರೂ ಊರು ಬದಲಾಯಿಸಿಕೊಂಡು ಮತ್ತೆ ಬಗ್ಗಬೇಕು. ಡ್ರಮ್ಮು ನೋಡಲು ವಿಮಾನ ಹತ್ತಿಸುವ ಜನ ಇದ್ದಾರೆ ಎಂದು ನಾನು ನಂಬಿರಲಿಲ್ಲ.

ಆದರೆ ಒಂದು ಮಾತಿತ್ತು. ನಮ್ಮ ಬೀದಿಯಲ್ಲಿ ಹುಳ ಕಡಿಮೆಯಾದರೆ ಮಾತ್ರ ಅವಳಿಗೆ ಕೀನ್ಯಾ. ಇಲ್ಲವಾದರೆ ಫೆಲೋಶಿಪ್ ಅರ್ಧಕ್ಕೇ ನಿಲ್ಲುತ್ತದೆ. ಊರಿಗೆ ಹೋಗಿ ಹಲ್ಲು ಕೀಳುತ್ತ ಕೂರಬೇಕು. ಅದು ಅವಳಿಗೆ ಸುತರಾಂ ಬೇಡ. "ಬಾಯಿ ತೆಗದ ಮಂದಿ ಮಾತೇ ಆಡಂಗಿಲ್ರಿ ಆಂಟಿ. ನನಗ ಮಾತು ಬೇಕು" ಎನ್ನುತ್ತಿದ್ದಳು. ಮಾತು ಬೇಕಾದವಳಿಗೆ ಡ್ರಮ್ಮು ಏನು ಮಾತಾಡುತ್ತದೋ ನಾನು ಕೇಳಲಿಲ್ಲ.

ನಮ್ಮ ಯಜಮಾನರದು ಬೀದಿಗಳಿಗೆ ನೀರು ಬಿಡುವ ಕೆಲಸ. ರಿಟೈರ್ ಆದ ಮೇಲೂ ಜನ ಅವರನ್ನೇ ತಡೆದು ನಿಲ್ಲಿಸಿ "ಗೂಳಪ್ಪನೋರೆ, ಇವತ್ತು ನೀರು ಬರುತ್ತಾ?" ಎನ್ನುತ್ತಿದ್ದರು. ಅವರು ಜೊತೆಗೆ ಹೋದರೆ ಇವಳಿಗೆ ಎಲ್ಲ ಗೇಟೂ ತೆರೆಯುತ್ತಿತ್ತು. ಸಂಪು, ಟ್ಯಾಂಕು, ಹೂಕುಂಡದ ತಟ್ಟೆ, ಏನು ಬೇಕಾದರೂ ನೋಡಬಹುದಿತ್ತು.

ನಮ್ಮ ಡ್ರಮ್ಮು ಬೋರಲು ಹಾಕಿದ ಮಾರನೆಯ ದಿನ ಕಾಫಿ ಲೋಟ ಹಿಡಿದವರು ಹಾಗೇ ಗೋಡೆಗೆ ಒರಗಿದರು. ಹಾರ್ಟು ಅಂದರು. ಆಟೋ ಬರುವುದರೊಳಗೆ ಮುಗಿದಿತ್ತು. ಭಾಗ್ಯಜ್ಯೋತಿ ಅವರ ಎದೆ ಒತ್ತುತ್ತಲೇ ಇದ್ದಳು. ಸಾಕು ಬಿಡಮ್ಮಾ ಎಂದು ನಾನೇ ಅವಳ ಕೈ ಹಿಡಿದೆ.

ತಿಥಿ ಆಯಿತು. ನೆಂಟರು ಹೋದರು. ಆ ದಿನಗಳನ್ನು ಬರೆಯಲು ನನಗೆ ಬರುವುದಿಲ್ಲ.

ಇವಳ ಗೇಟುಗಳೆಲ್ಲ ಮುಚ್ಚಿಕೊಂಡವು. ಒಬ್ಬಳೇ ಹೋದರೆ "ಆಮೇಲೆ ಬನ್ನಿ ಮೇಡಂ" ಎಂದರು. ಎದುರುಮನೆ ಉಮಾಶ್ರೀ "ನಾವು ತುಂಬಾ ಕ್ಲೀನಮ್ಮ, ನಮ್ಮನೇಲಿ ಹುಳಗಿಳ ಇಲ್ಲ" ಎಂದಳಂತೆ. ಅವಳ ಕುಂಡದ ತಟ್ಟೆಗಳಲ್ಲಿ ಒಂದು ಮದುವೆ ದಿಬ್ಬಣದಷ್ಟು ಹುಳ. ರಸ್ತೆಯಲ್ಲಿ ನಿಂತರೇ ಕಾಣುತ್ತಿತ್ತು.

ಒಂದು ಸಂಜೆ ಉಪ್ಪಿಟ್ಟು ತೆಗೆದುಕೊಂಡು ಮೇಲೆ ಹೋದೆ. ಫೋನು ಹಾಸಿಗೆ ಮೇಲೆ ಬಿದ್ದಿತ್ತು. ಅವಳು ಅತ್ತು ಮುಖ ಊದಿಸಿಕೊಂಡಿದ್ದಳು. ಕೀನ್ಯಾದ ಹುಡುಗಿಯ ಬೀದಿ ಆಗಲೇ ಮುಗಿದಿತ್ತಂತೆ. ಇವಳಿಗೆ ಇನ್ನೊಂದು ತಿಂಗಳು ಕೊಟ್ಟಿದ್ದಾರೆ, ಅದೇ ಕೊನೆಯಂತೆ.

"ನಾಳೆ ನಾನು ಬರ್ತೀನಿ, ನಡಿ" ಎಂದೆ.

"ನೀವು ಹ್ಯಾಂಗ ಬರ್ತೀರಿ ಆಂಟಿ? ಇನ್ನಾ ವರ್ಷ ತುಂಬಿಲ್ಲ. ಮಂದಿ ಏನಂತಾರ?"

ಗಂಡ ಹೋದ ಹೊಸದರಲ್ಲಿ ಹೆಂಗಸು ಇನ್ನೊಬ್ಬರ ಹೊಸಿಲು ದಾಟುವುದಿಲ್ಲ. ಬೆಳಿಗ್ಗೆ ಹೊತ್ತು ಯಾರ ಎದುರಿಗೂ ಬರುವುದಿಲ್ಲ. ನನಗೂ ಗೊತ್ತು, ಬೀದಿಗೂ ಗೊತ್ತು.

"ಅನ್ಲಿ. ಬಾಯಿ ತೆಗೆದಾಗ ನೀನು ಹಲ್ಲು ನೋಡ್ಕೊ."

ಬೆಳಿಗ್ಗೆ ಮೊದಲು ಉಮಾಶ್ರೀ ಮನೆ. ಅವಳು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ನನ್ನನ್ನು ಕಂಡು ಪುಡಿ ಹಿಡಿದ ಕೈ ಹಾಗೇ ನಿಂತಿತು.

"ಏನಕ್ಕಾ, ಬೆಳಬೆಳಗ್ಗೆನೇ?"

"ಒಳಗೆ ಬಂದು ನಿಮ್ಮ ಡ್ರಮ್ಮು ನೋಡ್ಬೇಕಿತ್ತು. ಬರ್ಲಾ?" ಎಂದು ಗೇಟಿನೊಳಗೆ ಒಂದು ಕಾಲಿಟ್ಟೆ.

"ಅಯ್ಯಯ್ಯೋ, ನೀವ್ಯಾಕೆ ಕಷ್ಟಪಡ್ತೀರಾ! ಅಲ್ಲೇ ಇರಿ ಅಕ್ಕಾ. ನಾನೇ ತರ್ತೀನಿ."

ಡ್ರಮ್ಮು, ಬಕೆಟ್ಟು, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಎಲ್ಲ ಹೊರಗೆ ಬಂದವು. ಅವಳೇ ಚೆಲ್ಲಿದಳು. ಅವಳೇ ಉಜ್ಜಿದಳು. ಪಕ್ಕದ ಮನೆಯವರು ನಾವು ಕೇಳುವ ಮೊದಲೇ ತಂದಿಟ್ಟರು. ಅದರ ಪಕ್ಕದವರು ತರುವುದು ತಡ ಮಾಡಿದರು, ನಾನು ಎರಡನೆಯ ಕಾಲೂ ಇಟ್ಟೆ. ಓಡಿ ಬಂದರು.

ಭಾಗ್ಯಜ್ಯೋತಿ ವೇಲು ಬಾಯಿಗೆ ತುರುಕಿಕೊಂಡು ನಕ್ಕಳು. ಬೀದಿಯ ಕೊನೆಗೆ ಬಂದಾಗ ನಗು ನಿಂತಿತು.

"ಬ್ಯಾಸರ ಆತೇನ್ರಿ ಆಂಟಿ?"

"ಆಯ್ತು. ಅದಿರ್ಲಿ, ಹುಳ ಎಷ್ಟಿತ್ತು ಬರ್ಕೊ."

ತಿಂಗಳು ಪೂರ್ತಿ ಹೋದೆವು. ಹುಳ ಹುಡುಕಿದರೂ ಸಿಗದ ಹಾಗಾಯಿತು. ಇಷ್ಟು ಬೇಗ ಯಾವ ವಿಧಾನದಲ್ಲಿ ಮಾಡಿದಿರಿ ಎಂದು ಹೊರದೇಶದವರು ಕೇಳಿದರಂತೆ.

"ಕಮ್ಯೂನಿಟಿ ಎಂಗೇಜ್‌ಮೆಂಟ್ ಅಂತ ಹೇಳೀನ್ರಿ" ಎಂದಳು.

"ಹಂಗಂದ್ರೆ?"

"ನೀವು, ನಿಮ್ಮ ಒಂದು ಕಾಲು."

ಅಲ್ಲಿಯ ಹುಡುಗಿ ಈ ಊರಿನ ಬೇರೆ ಬೀದಿಗೆ ಬಂದಳು, ಭಾಗ್ಯಜ್ಯೋತಿ ಈಗ ಕೀನ್ಯಾದಲ್ಲಿದ್ದಾಳೆ. ವಿಡಿಯೋದಲ್ಲಿ ನೋಡಿದರೆ ದಪ್ಪ ಆಗಿದ್ದಾಳೆ. ಅಲ್ಲಿಯ ಹೆಂಗಸರು ಡ್ರಮ್ಮು ಧಾರಾಳವಾಗಿ ತೋರಿಸುತ್ತಾರೆ, ತಿನ್ನದೆ ಹೋಗಲು ಮಾತ್ರ ಬಿಡುವುದಿಲ್ಲವಂತೆ. ಒಂದು ಬೀದಿ ಮುಗಿಯುವುದರಲ್ಲಿ ಬಗ್ಗಲು ಆಗುವುದಿಲ್ಲವಂತೆ. ಬಗ್ಗುವುದು ಬಿಟ್ಟು ನಿನಗೆ ಬೇರೆ ಏನು ಕೆಲಸ ಎಂದೆ.

ಹೊರಡುವ ದಿನ ಅವಳು ಒಂದು ಮಾತು ಹೇಳಿದ್ದಳು. ಚೆಲ್ಲುವುದು ನಿಲ್ಲಿಸಿದರೆ ವಾರದಲ್ಲಿ ಹುಳ ಮತ್ತೆ ಬರುತ್ತವೆ ಎಂದು. ಆಗ ಅವಳು ಮಾಡಿದ್ದೆಲ್ಲ ನೀರುಪಾಲು. ಅದಕ್ಕೇ ದಿನಾ ಬೆಳಿಗ್ಗೆ ಎದ್ದು ಮುಖ ತೊಳೆದು ಬೀದಿಗೆ ಇಳಿಯುತ್ತೇನೆ. ಈಚೆಗೆ ಉಮಾಶ್ರೀ "ಒಳಗೇ ಬನ್ನಿ ಅಕ್ಕಾ, ಕಾಫಿ ಆಗಿದೆ" ಎನ್ನುತ್ತಾಳೆ. ತಟ್ಟೆ ಚೆಲ್ಲಮ್ಮಾ ಮೊದಲು ಎಂದು ಅವಳ ಗೇಟಿನ ಚಿಲಕ ಅಲ್ಲಾಡಿಸುತ್ತೇನೆ. ಚೆಲ್ಲಿದ ಮೇಲೆ ಮುಂದಿನ ಗೇಟು.