ಭೋಂಗಾ ಹಾಕಿದ ಲಾರಿಯಲ್ಲಿ ಹೆಣ್ಣು ಕೇಳಲು ಹೋದದ್ದು

ಮೂಡಲಗಿಯಿಂದ ಹುಕ್ಕೇರಿಗೆ ಬಸ್ಸಿನಲ್ಲಿ ಹೋದರೆ ನನಗೆ ಖರ್ಚಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದರೂ ಹೋದ ಬುಧವಾರ ಬೆಳಿಗ್ಗೆ ತಂಗಿಯ ಮಗ ಭೀಮಶಿಯ ಲಾರಿ ಹತ್ತಿದೆ. ಅವನಿಗೆ ಹೆಣ್ಣು ಕೇಳುವ ಕೆಲಸವಿತ್ತು. ತಂಗಿಗೆ ಮೊಳಕಾಲು ನೋವು. ಅವಳ ಗಂಡನಿಗೆ ಮಾತು ಬರುವುದಿಲ್ಲ. ಮೂಗನಲ್ಲ, ಹೆಂಡತಿಯ ಮುಂದೆ ರೂಢಿ ತಪ್ಪಿದೆ. ಹಾಗಾಗಿ ಹಿರಿಯಳೆಂದು ನನ್ನನ್ನು ಕಳಿಸಿದರು.

ಹುಡುಗಿಯ ಹೆಸರು ಸುನಂದಾ. ಅವಳ ಅಪ್ಪ ಬಾಳಪ್ಪ ಹುಕ್ಕೇರಿಯ ಬೆಲ್ಲದ ವ್ಯಾಪಾರಿ. ಹುಡುಗಿ ಒಪ್ಪಿದ್ದಳು, ಅಪ್ಪ ಒಪ್ಪಿರಲಿಲ್ಲ. ಹೋದ ವರ್ಷ ಹುಕ್ಕೇರಿಗೆ ಮೊದಲು ಸಿಗುವ ಏರಿನಲ್ಲಿ ಭೀಮಶಿಯ ಲಾರಿ ಉಸಿರುಗಟ್ಟಿ ನಿಂತಾಗ ದಬ್ಬಿದವರಲ್ಲಿ ಬಾಳಪ್ಪನೂ ಒಬ್ಬ. ಅವನ ಬಿಳಿ ಧೋತರ ಹೊಗೆಗೆ ಕರ್ರಗಾಯಿತಂತೆ. ಫೋನಿನಲ್ಲಿ ನನಗೆ ಹೇಳಿದ್ದ: "ಅಕ್ಕಾರ, ಮಾವನ ಕಡಿಂದ ಗಾಡಿ ದಬ್ಬಸಾವ ಅಳಿಯ ನಮಗ ಬ್ಯಾಡ್ರಿ. ಬುಧವಾರ ನಾನ ಏರಿನ ಮ್ಯಾಲ ನಿಂತಿರ್ತೇನಿ. ತುಂಬಿದ ಗಾಡಿ ಯಾರೂ ಕೈ ಹಚ್ಚದಂಗ ಏರಿ ಬಂತಂದ್ರ ಮಾತಾಡೋಣು. ಇಲ್ಲಂದ್ರ ಬೆಲ್ಲ ಇಳಿಸಿ ಹಂಗ ಹೋಗ್ರಿ."

ಲಾರಿಯಲ್ಲಿ ಅವನ ಅಂಗಡಿಗೇ ಹೋಗಬೇಕಾದ ಬೆಲ್ಲವಿತ್ತು. ಬೇಸಿಗೆ, ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಬೋರ್ಡು ದಾಟಿರುತ್ತದೆ. ಭೀಮಶಿಯ ಲಾರಿಯಲ್ಲಿ ಕಲ್ಲೋಳಿಯವರೆಗೆ ಎಲ್ಲ ಬೋರ್ಡನ್ನೂ ಪೂರ್ತಿ ಓದಿದೆ, ಕೆಲವನ್ನು ಎರಡು ಸಲ. ಕಲ್ಲೋಳಿಯಲ್ಲಿ ಚಹಾ ಕುಡಿದೆವು. ಚಹಾ ನೀರು, ಭಜಿ ಚಲೋ ಇತ್ತು.

ಗೋಕಾಕದಲ್ಲಿ ದಸ್ತಗೀರ್‌ಸಾಬನ ಗ್ಯಾರೇಜಿಗೆ ಹೋದೆವು. ಆಳು ಸಣ್ಣ, ಬಾಯಿ ದೊಡ್ಡದು. ಬಾನೆಟ್ ಎತ್ತಿ ಒಳಗೆ ಕೈಯಾಡಿಸಿ ಹೇಳಿದ: "ಅಮ್ಮಾ, ಇಂಜಿನ್ ಬಾಜೂಕ ಇದರ ಮೂಗ ಐತಿ ನೋಡ್ರಿ. ತನ್ನ ಬಿಸಿಗಾಳಿ ತಾನ ಕುಡಿಯಾಕತ್ತೈತಿ. ಬಿಸಿಗಾಳಿ ತೆಳ್ಳಗ ಇರ್ತೈತಿ, ಎಷ್ಟ ಕುಡದ್ರೂ ಹೊಟ್ಟಿ ತುಂಬೂದಿಲ್ಲ. ಡೀಸೆಲ್ ಪೂರಾ ಸುಡೂದಿಲ್ಲ, ಕರಿ ಹೊಗಿ ಬಿಡ್ತೈತಿ."

"ಕಿಟಕಿ ಇಲ್ಲದ ಅಡಗಿಮನ್ಯಾಗ ನಾನೂ ಹಂಗ ಕೆಮ್ಮತೇನಿ," ಅಂದೆ. "ಕಿಟಕಿ ಇಡು, ಭಾಷಣ ಸಾಕು."

ಇಟ್ಟ. ಗಾಳಿಯ ಜಾಳಿಗೆ ಬಿಚ್ಚಿ ಬಡಿದರೆ ಒಂದು ಬುಟ್ಟಿ ಧೂಳು ಬಿತ್ತು. ಹಳೆಯ ಮೋಟು ಪೈಪು ಕಿತ್ತು, ದಪ್ಪ ರಬ್ಬರ್ ಪೈಪನ್ನು ಕ್ಯಾಬಿನ್ನಿನ ಹಿಂದಿನಿಂದ ಮೇಲಕ್ಕೆ ಒಯ್ದ. ಇಂಜಿನ್ನಿನ ಬಿಸಿ ತಾಗದಂತೆ ನಡುವೆ ತಗಡು ಕೂರಿಸಿದ. ಪೈಪಿನ ಬಾಯಿಗೆ ಏನು ಹಾಕುವುದೆಂದು ಗ್ಯಾರೇಜೆಲ್ಲ ಹುಡುಕಿ, ಕೊನೆಗೆ ಮೂಲೆಯಿಂದ ಹಳೆಯ ಮೈಕಿನ ಭೋಂಗಾ ತಂದು, ತಂತಿಜಾಳಿಗೆ ಹೊಲಿದು, ಲಾರಿಯ ನೆತ್ತಿಯ ಮೇಲೆ ಮುಂದಕ್ಕೆ ಮುಖ ಮಾಡಿ ಬಿಗಿದ.

ಭೀಮಶಿಯ ಮುಖ ಇಳಿಯಿತು. "ಕಾಕಾ, ಇಲೆಕ್ಷನ್ ಗಾಡಿ ಆತಲ್ಲೋ!"

"ಹೆಣ್ಣ ಕೇಳಾಕ ಹೊಂಟೀಯೋ, ಹೆಣ್ಣಿಗೆ ಗಾಡಿ ತೋರಸಾಕ ಹೊಂಟೀಯೋ? ಮಳಿ ಬಂದ್ರ ಅಷ್ಟ ಹಿಂದಕ ತಿರಗಸು, ಇಲ್ಲಂದ್ರ ನೀರ ಕುಡಿತೈತಿ. ನಡಿ."

ಗೋಕಾಕ ಫಾಲ್ಸಿನ ಏರು ಬಂತು. ಮೊದಲು ಅಲ್ಲಿ ಮೊದಲನೇ ಗೇರಿನಲ್ಲಿ ನರಳುತ್ತಿದ್ದ ಲಾರಿ ಈಗ ಮೂರನೆಯದರಲ್ಲಿ ಏರಿತು. ಬೋರ್ಡು ಓದಲಾಗಲಿಲ್ಲ. ಆದರೆ ಗಾಳಿ ಎಳೆದುಕೊಳ್ಳುವ ಸದ್ದು ಭೋಂಗಾದಿಂದ ಹೊರಬಿದ್ದು, ಹೋರಿ ಗುಟುರು ಹಾಕಿದಂತೆ ಊರೆಲ್ಲ ಕೇಳುತ್ತಿತ್ತು. ರಸ್ತೆಯ ಬದಿಯ ಆಡುಗಳು ಹೊಲಕ್ಕೆ ನುಗ್ಗಿದವು. ಆಡಿನವನು ಬೈದದ್ದು ಮಾತ್ರ ಕೇಳಲಿಲ್ಲ.

ಘಟಪ್ರಭಾದಲ್ಲಿ ಊಟಕ್ಕೆ ನಿಂತೆವು. ಜೋಳದ ರೊಟ್ಟಿ, ಹೆಸರಕಾಳು ಪಲ್ಯ, ಮಜ್ಜಿಗೆ. ಕೈ ತೊಳೆದು ಬರುವಷ್ಟರಲ್ಲಿ ಲಾರಿಯ ಸುತ್ತ ಜನ. ಒಬ್ಬಾಕೆ ಚೀಲ ಹಿಡಿದೇ ಬಂದಿದ್ದಳು. "ಏನ್ ಹಂಚಾಕ ಬಂದೀರ್ಬೇ?"

"ಏನಿಲ್ಲವಾ, ಗಾಳಿ ತಗೊಳಾಕ ಬಂದೇವಿ."

"ಕೊಡಾವ್ರ ಯಾರೂ ಇಲ್ಲ, ಎಲ್ಲಾರೂ ತಗೊಳಾವ್ರ," ಎಂದು ಚೀಲ ಝಾಡಿಸಿ ಹೋದಳು. ಮತ್ತೊಬ್ಬ ಲಾರಿಯ ಮೇಲೆ ಹತ್ತಿ, ಭೋಂಗಾಕ್ಕೆ ಬಾಯಿ ಇಟ್ಟು "ಹಲೋ, ಹಲೋ" ಅಂದ. ಭೀಮಶಿ ಒಳಗೆ ಕೂತು ಗಾಡಿ ಚಾಲೂ ಮಾಡಿದ. ಭೋಂಗಾ ತಿರುಗಿ ಒದರಿದ್ದಕ್ಕೆ ಆ ಮನುಷ್ಯ ಇಳಿದದ್ದನ್ನು ಯಾರೂ ನೋಡಲಿಲ್ಲ, ಕೆಳಗೆ ನಿಂತದ್ದನ್ನಷ್ಟೇ ನೋಡಿದರು.

ಹುಕ್ಕೇರಿಯ ಏರಿಗೆ ಬಂದಾಗ ಮೂರು ಗಂಟೆ. ಭೀಮಶಿ ಗೇರು ಬದಲಿಸಿದ. "ದೊಡ್ಡವ್ವಾ, ನಿಂತರ ಏನ್ ಮಾಡೂದು?"

"ಬೇರೆ ಹೆಣ್ಣ ನೋಡೂದು. ಮುಂದ ನೋಡು."

ಲಾರಿ ನಿಲ್ಲಲಿಲ್ಲ. ಏರಿನ ತುದಿಯಲ್ಲಿ ಬಾಳಪ್ಪ, ಪಕ್ಕದಲ್ಲಿ ಸ್ಕೂಟಿ ಹಿಡಿದ ಸುನಂದಾ, ಒಂದಷ್ಟು ಜನ ಕಾಣಿಸಿದರು. ತುಂಬಿದ ಗಾಡಿ ಬುಸುಗುಟ್ಟುತ್ತ ಬರುವುದು ಕಂಡು ಬಾಳಪ್ಪನಿಗೆ ಹುರುಪು ತಡೆಯಲಿಲ್ಲ. ಕೆಳಗಿಳಿದು ಓಡಿ ಬಂದ. ಒಳ್ಳೆಯ ಕೆಲಸಕ್ಕೆಂದು ದೇವರ ಭಂಡಾರ, ಅಂದರೆ ಅರಿಷಿಣದ ಪುಡಿ, ಪುಡಿಕೆ ಕಟ್ಟಿ ಕಿಸೆಯಲ್ಲಿ ಇಟ್ಟುಕೊಂಡಿದ್ದನಂತೆ. ಒಂದು ಚಿಟಿಕೆ ಹಾರಿಸುವ ಬದಲು ಪುಡಿಕೆ ಬಿಚ್ಚಿ, ಹಾಳೆ ಸಮೇತ ಗಾಡಿಯ ನೆತ್ತಿಗೆ ತೂರಿದ.

ಭೋಂಗಾ ಭಂಡಾರವನ್ನು ಕುಡಿಯಿತು. ಹಾಳೆ ಹೋಗಿ ಜಾಳಿಗೆಗೆ ಗಪ್ಪನೆ ಅಂಟಿತು. ಲಾರಿ ಎರಡು ಸಲ ಕೆಮ್ಮಿ, ಏರಿನ ನಡುವೆ ನಿಂತೇಬಿಟ್ಟಿತು.

ಭೀಮಶಿ ಬ್ರೇಕ್ ಒತ್ತಿ ಕಣ್ಣು ಮುಚ್ಚಿದ. ಯಾರೋ ಗಾಲಿಗೆ ಕಲ್ಲು ಇಟ್ಟರು. ನಾನು ಇಳಿದೆ.

"ನಿಂತ್ ಬಿಡ್ತಲ್ರಿ ಅಕ್ಕಾರ," ಎಂದ ಬಾಳಪ್ಪ. ಕೈಯೆಲ್ಲ ಹಳದಿ.

"ನಿಂತಿಲ್ಲ, ನಿಲ್ಲಸೀರಿ. ಉಣ್ಣಾವನ ಬಾಯಾಗ ಅರಿವಿ ತುರಕಿ ಯಾಕ ನುಂಗವಲ್ಲಿ ಅಂದ್ರ ಅಂವ ಏನ್ ಹೇಳ್ಬೇಕು?"

"ಮಾತಂದ್ರ ಮಾತರಿ. ನಿಂತೈತೋ ಇಲ್ಲೋ?"

ಅಷ್ಟರಲ್ಲಿ ಸುನಂದಾ ಸ್ಕೂಟಿ ನಿಲ್ಲಿಸಿ, ಲಾರಿ ಹತ್ತಿ, ಹಾಳೆ ಕಿತ್ತು ಕೆಳಗೆಸೆದಳು. "ಅಪ್ಪಾ, ಯಾರೂ ಕೈ ಹಚ್ಚಬಾರದು ಅಂದಿದ್ದಿ. ಕೈ ಹಚ್ಚಿದಾಂವ ನೀನ. ಈಗ ನಿಂತಲ್ಲಿಂದ ಏರಿದರ ಹೇಳು."

ನಿಂತಲ್ಲಿಂದ ತುಂಬಿದ ಗಾಡಿ ಏರುವುದು ಓಡುತ್ತ ಏರುವುದಕ್ಕಿಂತ ಕಷ್ಟ. ಅದು ಎಲ್ಲರಿಗೂ ಗೊತ್ತಿತ್ತು, ಬಾಳಪ್ಪನಿಗೂ. ಭೀಮಶಿ ಗಾಡಿ ಚಾಲೂ ಮಾಡಿದ. ಜನರೆಲ್ಲ ರೂಢಿಯಿಂದ ಲಾರಿಯ ಹಿಂದೆ ಹೋಗಿ ನಿಂತರು. "ಮುಟ್ಟಿದರ ನೋಡ್ರಿ!" ಎಂದು ಒದರಿದೆ. ಭೋಂಗಾ ಗುಟುರು ಹಾಕಿತು, ಹಳದಿ ಹೊಗೆಯೋ ಕರಿ ಹೊಗೆಯೋ ಒಂದಿಷ್ಟು ಎದ್ದಿತು, ಲಾರಿ ಏರಿತು. ದಬ್ಬಲು ಕೈ ಚಾಚಿದವರು ಹಾಗೆಯೇ ಕೈ ಚಾಚಿಕೊಂಡು ಹಿಂದೆ ನಡೆದರು, ಗಾಡಿ ಮಾತ್ರ ಕೈಗೆ ಸಿಗಲಿಲ್ಲ. ಅವರಲ್ಲಿ ಬಾಳಪ್ಪನೂ ಇದ್ದ. ಧೋತರ ಬಿಳಿಯಾಗಿಯೇ ಉಳಿದಿತ್ತು.

ಅಂಗಡಿಯಲ್ಲಿ ಅವಲಕ್ಕಿ ಕೊಟ್ಟರು. ಮಾತು ಬೇಗ ಮುಗಿಯಿತು. ಬಾಳಪ್ಪನದು ಒಂದೇ ಕರಾರು, ಮದುವೆಯ ದಿನ ಆ ಲಾರಿ ಮಂಟಪದ ಹತ್ತಿರ ಬರಬಾರದು, ಮಂತ್ರ ಕೇಳುವುದಿಲ್ಲ.

ಮರಳಿ ನಾನು ಬಸ್ಸು ಹತ್ತಿದೆ. ಕಿವಿಗೆ ವಿಶ್ರಾಂತಿ ಬೇಕಿತ್ತು. ಬಸ್ಸು ಅಂಗಡಿಯ ಮುಂದೆ ಹಾಯುವಾಗ ಕಿಟಕಿಯಿಂದ ನೋಡಿದೆ. ಸುನಂದಾ ಲಾರಿಯ ಮೇಲೆ ನಿಂತು ಬಿಚ್ಚಿದ ಗಾಳಿಯ ಜಾಳಿಗೆಯನ್ನು ಬಡಿಯುತ್ತಿದ್ದಳು. ಕೆಳಗೆ ನಟ್ಟು-ಬೋಲ್ಟು ಹಿಡಿದು ನಿಂತ ಭೀಮಶಿಯ ತಲೆ, ಮುಖ, ಹೆಗಲ ಮೇಲೆಲ್ಲ ಅರಿಷಿಣ ಸುರಿಯುತ್ತಿತ್ತು. ಮದುಮಗನಿಗೆ ಅರಿಷಿಣ ಹಚ್ಚುವ ಕಾರ್ಯ ಮುಗಿದಂತಾಯಿತು, ಎರಡನೇ ಸಲ ಖರ್ಚು ಬೇಡವೆಂದು ತಂಗಿಗೆ ಹೇಳಬೇಕು.